ಮಿನಿ ಟ್ರ್ಯಾಕ್ಟರಿನ ಹಿಂದೆ ಹೈಡ್ರಾಲಿಕ್ ವಾಲ್ವ್ ಕೂರಿಸುವ ಬಗ್ಗೆ

ನಮಸ್ಕಾರ. ಶಿರಸಿ ಹತ್ತಿರದ ಅಡಿಕೆ ತೋಟಕ್ಕೆ ಗೊಬ್ಬರ, ಮಣ್ಣು ಹೊಡೆಯಲು ಟಿಪ್ಪಿಂಗ್ ಟ್ರಾಲಿ (ಜಾಕಿಯಿಂದ ಎತ್ತಿ ಸುರಿಯುವ ಟ್ರಾಲಿ) ತಂದಿದ್ದೀರಿ, ಟ್ರ್ಯಾಕ್ಟರಿನ ಹಿಂದೆ ಪೈಪ್ ಸಿಕ್ಕಿಸಲು ಜಾಗವೇ ಇಲ್ಲ, ಜಾಕಿಗೆ ಎಣ್ಣೆ ಬಿಡುವ ಹೊರಗಿನ ವಾಲ್ವ್ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು. ನಾನೂ ಹಾಕಿಸಿಕೊಂಡಿದ್ದೇನೆ.

ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಪಂಪಿನ ಎಣ್ಣೆ ಸದಾ ಹರಿಯುತ್ತಲೇ ಇರುತ್ತದೆ. ಹಾಗಾಗಿ ಹೊಸ ವಾಲ್ವ್ ಪಂಪಿಗೂ ಹಿಂದಿನ ಲಿಫ್ಟಿಗೂ (ಉಪಕರಣ ಎತ್ತುವ ತೋಳುಗಳಿಗೆ) ನಡುವೆ ಬರಬೇಕು. 'ಪವರ್ ಬಿಯಾಂಡ್' (ಒತ್ತಡದ ಎಣ್ಣೆಯನ್ನು ಮುಂದಕ್ಕೆ ಕಳಿಸುವ ಪ್ರತ್ಯೇಕ ದಾರಿ) ಇರುವ ವಾಲ್ವನ್ನೇ ಕೇಳಿ: ಒಂದು ದಾರಿ ಲಿಫ್ಟಿಗೆ, ಇನ್ನೊಂದು ನೇರ ಟ್ಯಾಂಕಿಗೆ. ನನಗೆ ಮೊದಲು ಜೋಡಿಸಿಕೊಟ್ಟವರು ಟ್ಯಾಂಕಿಗೆ ಹೋಗಬೇಕಾದ ಬಾಯನ್ನೇ ಲಿಫ್ಟಿಗೆ ಕೊಟ್ಟಿದ್ದರು. ಲಿಫ್ಟ್ ಭಾರ ಎತ್ತಿದಾಗೆಲ್ಲ ಆ ಒತ್ತಡ ವಾಲ್ವಿನ ಮೇಲೆ ಬಿದ್ದು ಸೀಲು ಹೋಯಿತು.

ಟ್ರಾಲಿಯ ಜಾಕಿಗೆ ಒಂದೇ ಪೈಪ್. ಇಳಿಯುವುದು ತನ್ನ ಭಾರಕ್ಕೆ. ಅದಕ್ಕೆ ಸಿಂಗಲ್ ಆಕ್ಟಿಂಗ್ ಸ್ಪೂಲ್ (ಒಂದೇ ಪೈಪಿನ ಜಾಕಿಗೆ ಎಣ್ಣೆ ತಿರುಗಿಸುವ ಕಡ್ಡಿ) ಅಥವಾ ಫ್ಲೋಟ್ (ಎಣ್ಣೆ ತಾನಾಗಿ ಟ್ಯಾಂಕಿಗೆ ಮರಳಲು ಬಿಡುವ ಸ್ಥಾನ) ಇರುವ ವಾಲ್ವ್ ಬೇಕು. ಎರಡು ಪೈಪಿನ ಜಾಕಿಗೆಂದೇ ಇರುವ ಡಬಲ್ ಆಕ್ಟಿಂಗ್ ವಾಲ್ವಿನ ಒಂದು ಬಾಯಿ ಮುಚ್ಚಿ ಬಳಸಿದರೆ, ಇಳಿಸುವಾಗ ಪಂಪಿನ ಎಣ್ಣೆಗೆ ದಾರಿಯಿಲ್ಲದೆ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವ ವಾಲ್ವ್) ಕೂಗುತ್ತದೆ, ಎಣ್ಣೆ ಬಿಸಿಯಾಗುತ್ತದೆ.

ಜಾಕಿಯ ಎಣ್ಣೆಯನ್ನೂ ಲೆಕ್ಕ ಹಾಕಿ. 80 ಮಿ.ಮೀ. ಒಳವ್ಯಾಸ, 600 ಮಿ.ಮೀ. ಓಟವಿದ್ದರೆ ಸುಮಾರು 3 ಲೀಟರ್. ಅಷ್ಟು ಎಣ್ಣೆ ಟ್ಯಾಂಕಿನಿಂದ ಜಾಕಿಗೆ ಹೋದಾಗ, ಉಳಿದದ್ದು ಸಾಲದೆ ಪಂಪ್ ಗಾಳಿ ಎಳೆಯುವಂತಾಗಬಾರದು.

ನಮ್ಮ ಮಳೆಗೆ ಕಪ್ಲರ್‌ಗಳಿಗೆ (ಪೈಪ್ ಸಿಕ್ಕಿಸುವ ಜೋಡಣೆಗಳಿಗೆ) ಮುಚ್ಚಳ ತಪ್ಪಿಸಬೇಡಿ. ಎಣ್ಣೆ ಮಜ್ಜಿಗೆಯಂತಾದರೆ ನೀರು ಸೇರಿದೆ ಎಂದೇ ಅರ್ಥ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಿ. ಕೈಯಿಂದ ಮಾತ್ರ ಬೇಡ, ಆ ಒತ್ತಡದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಎತ್ತಿದ ಟ್ರಾಲಿಯ ಕೆಳಗೆ ಆಸರೆ ಕೊಡದೆ ದಯವಿಟ್ಟು ಯಾರೂ ನುಗ್ಗಬೇಡಿ.