ಚರ್ಮ ಬಿಡಿ, ಪಕ್ಕದ ಕಸದ ಚೀಲ ನೋಡಿ

ನಮಸ್ಕಾರ. 'ಹಸಿರು ಅಂಗಾಂಶ' ಅಂತ ಹೆಸರಿಟ್ಟು ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಸಾಕುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ಮನುಷ್ಯನ ಚರ್ಮ, ಮೃದ್ವಸ್ಥಿ ಬೆಳೆಸಲು ಬೇಕಾದ, ಕೋಶಗಳಿಗೆ ಆಸರೆಯಾಗುವ ಚೌಕಟ್ಟು ಕಡಲಪಾಚಿ, ಸಿಗಡಿ ಚಿಪ್ಪು, ರೇಷ್ಮೆಗೂಡಿನಿಂದ ಬರುತ್ತದೆ, ಆದ್ದರಿಂದ ಪರಿಸರಕ್ಕೆ ಹೊರೆಯಿಲ್ಲ ಅನ್ನುವುದು ನಿಮ್ಮ ವಾದ. ಈ 'ಆದ್ದರಿಂದ' ಇದೆಯಲ್ಲ, ಅಲ್ಲೇ ಎಡವಿದ್ದೀರಿ. ಸಿಗಡಿ ಚಿಪ್ಪು ತಾನಾಗಿ ಕೈಟೋಸಾನ್, ಅಂದರೆ ಚೌಕಟ್ಟು ಕಟ್ಟುವ ವಸ್ತು, ಆಗುವುದಿಲ್ಲ. ಆಸಿಡ್ಡಿನಲ್ಲಿ ನೆನೆಸಿ ಸುಣ್ಣದ ಅಂಶ ತೆಗೆಯಬೇಕು, ಕ್ಷಾರ ಹಾಕಿ ಪ್ರೋಟೀನ್ ಕಳೆಯಬೇಕು, ಆಮೇಲೆ ಇನ್ನೂ ಗಟ್ಟಿ ಕ್ಷಾರದಲ್ಲಿ ಕಾಯಿಸಬೇಕು, ಪ್ರತಿ ಹಂತದಲ್ಲೂ ನೀರು ಸುರಿದು ತೊಳೆಯಬೇಕು. ಆ ನೀರೆಲ್ಲಾ ಎಲ್ಲಿ ಹೋಯಿತು? ನಿಮ್ಮ ಲೇಖನದಲ್ಲಿ ಇಂಗಿಹೋಗಿದೆ.

'ಜೋಳದಿಂದ ಮಾಡಿದ ಪಿಎಲ್‌ಎ ಮಣ್ಣಿಗೆ ಬಿದ್ದರೆ ಕರಗುತ್ತದೆ' ಎಂಬ ಸಾಲು ಹೊಡೆದುಹಾಕಿ. ಚೌಕಟ್ಟಿಗೆ ಬಳಸುವ ಈ ಪ್ಲಾಸ್ಟಿಕ್ ಬೇಗ ಕೊಳೆಯಲು ಸುಮಾರು 60 ಡಿಗ್ರಿ ಬಿಸಿಯ ಕಾಂಪೋಸ್ಟ್ ಘಟಕವೇ ಬೇಕು. ಮೈಯೊಳಗೆ 37 ಡಿಗ್ರಿಯಲ್ಲಿ ಒಡೆಯುತ್ತದೆ, ನಿಜ, ಅದಕ್ಕೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ. ಮೈಯಲ್ಲಿ ಕರಗುವುದೇ ಬೇರೆ, ತಿಪ್ಪೆಯಲ್ಲಿ ಕರಗುವುದೇ ಬೇರೆ. ಇನ್ನು ಅದನ್ನು ಸಣ್ಣ ಎಳೆಯಾಗಿ ನೂಲಲು ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್‌ನಂಥ ವಿಷಕಾರಿ ದ್ರಾವಕಗಳು ಸಾಮಾನ್ಯವಾಗಿ ಬೇಕು ಅನ್ನುವುದನ್ನು ಸುಮ್ನೆ ಹಾರಿಸಿಬಿಟ್ಟಿದ್ದೀರಿ.

ಟ್ರೈಟಾನ್ ಎಕ್ಸ್-100 ಬಗ್ಗೆಯೂ ಒಂದು ಸಾಲಿಲ್ಲ. ದಾನಿಯ ಅಂಗಾಂಶದಿಂದ ಜೀವಕೋಶಗಳನ್ನು ತೊಳೆದು ಬರೀ ಚೌಕಟ್ಟು ಉಳಿಸಿಕೊಳ್ಳಲು ಬಳಸುವ ಮಾರ್ಜಕ ಅದು. ಒಡೆದಾಗ ಹುಟ್ಟುವ ಆಕ್ಟೈಲ್‌ಫಿನಾಲ್ ನೀರಿನ ಜೀವಿಗಳ ಹಾರ್ಮೋನು ಕೆಡಿಸುತ್ತದೆ ಅಂತ ಯುರೋಪಿಯನ್ ಒಕ್ಕೂಟ 2021ರ ಜನವರಿಯಿಂದ ಅನುಮತಿಯಿಲ್ಲದೆ ಬಳಸುವಂತಿಲ್ಲ ಎಂದಿದೆ (ಸಣ್ಣ ಪ್ರಮಾಣದ ಸಂಶೋಧನೆಗೆ ವಿನಾಯಿತಿ ಇದೆ, ಅದನ್ನೂ ಬರೆಯಿರಿ).

ಈಗ ಇಷ್ಟವಾದದ್ದು. ಮೂರನೇ ಪುಟದಲ್ಲಿ ಎರಡು ದಿನಕ್ಕೊಮ್ಮೆ ಕೋಶಗಳನ್ನು ಬೆಳೆಸುವ ಗುಲಾಬಿ ಪೋಷಕ ದ್ರವ ಬದಲಿಸುವುದನ್ನು ಬರೆದಿದ್ದೀರಿ. ಒಂದು ಪಿಪೆಟ್, ಒಂದು ಟ್ಯೂಬ್, ಒಂದು ಜೊತೆ ಗ್ಲೌಸ್, ಎಲ್ಲಾ ಚೀಲಕ್ಕೆ. ಉಗುರಿನಷ್ಟು ಚರ್ಮ, ಮಂಡಿ ಎತ್ತರ ಕಸ. ಇಷ್ಟು ಒಳ್ಳೆಯ ಚಿತ್ರ ಕೊಟ್ಟು, ಮರುಕ್ಷಣ ವಿಜ್ಞಾನದ ಪವಾಡ ಹೊಗಳಲು ಓಡಿಬಿಟ್ಟಿರಲ್ಲ! ಅಲ್ಲೇ ನಿಲ್ಲಬೇಕಿತ್ತು. 2014ರಲ್ಲಿ ಜಗತ್ತಿನ ಜೀವವಿಜ್ಞಾನ ಲ್ಯಾಬುಗಳಿಂದ ಬಂದ ಪ್ಲಾಸ್ಟಿಕ್ ಕಸ ಸುಮಾರು 55 ಲಕ್ಷ ಟನ್ ಇರಬಹುದು ಅಂತ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದರು. ಆ ಅಂಕಿ ಈ ಚೀಲದ ಪಕ್ಕ ಬರಲಿ. ದ್ರವದಲ್ಲಿರುವ ಸೀರಮ್ ಬಗ್ಗೆಯೂ ಹೇಳಿ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿರುವ ಕರುವಿನ ರಕ್ತದಿಂದ ಅದನ್ನು ತೆಗೆಯುತ್ತಾರೆ. ಕಡಲಪಾಚಿಯ ಬಗ್ಗೆ ಒಂದೂವರೆ ಪುಟ ಬರೆದವರಿಗೆ ಇದು ಕಾಣಲಿಲ್ಲವೇ?

ಹಾಗಂತ ಪೂರ್ತಿ ತಿರುಗಿಬಿದ್ದು ಲ್ಯಾಬಿನವರನ್ನು ಬೈಯಲೂ ಬೇಡಿ. ಸುಟ್ಟ ಗಾಯದವರಿಗೆ ಆ ಚರ್ಮ ಬೇಕೇ ಬೇಕು, ಸೋಂಕಿನ ಭಯಕ್ಕೇ ಎಲ್ಲವನ್ನೂ ಒಂದು ಸಲ ಬಳಸಿ ಎಸೆಯುವುದು. ಆ ಇಕ್ಕಟ್ಟನ್ನು ಬರೆಯಿರಿ.

ಮೊದಲ ಪುಟ ಪೂರ್ತಿ ತೆಗೆಯಿರಿ. 'ಪರಿಸರಸ್ನೇಹಿ' ಹನ್ನೊಂದು ಸಲ ಬಂದಿದೆ, ಜಾಸ್ತಿ ಆಯಿತು ಅಲ್ವಾ? ಕಸದ ಚೀಲದಿಂದ ಶುರು ಮಾಡಿ ಮತ್ತೆ ಕಳಿಸಿ. ಹೆಸರೂ ಬದಲಿಸಿ.