ರ್ಯಾಕ್ ಕಂಬದ ತೂತು ಕಳೆದುಬಿಟ್ಟರೆ ಲೆಕ್ಕ ಸರಿಹೋಗುತ್ತದಾ?

ಗೋದಾಮಿನ ರ್ಯಾಕ್ ಕಂಬದ ಉದ್ದಕ್ಕೂ ತೂತುಗಳಿರುತ್ತವೆ, ಅಷ್ಟು ವಿಸ್ತೀರ್ಣ ಕಳೆದು ಮಾಮೂಲಿ ಕಾಲಂ ಸೂತ್ರಕ್ಕೆ ಹಾಕಿದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಪರೀಕ್ಷೆಯನ್ನು ಕಣ್ಣಾರೆ ನೋಡಿದ ಮೇಲೆ ಬಿಟ್ಟೆ.

ಈ ಕಂಬಗಳನ್ನು ಹೆಚ್ಚಾಗಿ 1.5ರಿಂದ 3 ಮಿ.ಮೀ. ದಪ್ಪದ ತಗಡು ಬಗ್ಗಿಸಿ ಮಾಡುತ್ತಾರೆ. ಇಷ್ಟು ತೆಳುವಾದಾಗ ಉಕ್ಕಿನ ಪೂರ್ತಿ ಬಲ ಸಿಗುವ ಮೊದಲೇ ಆಕಾರ ಕೆಡುತ್ತದೆ. ಚಪ್ಪಟೆ ಭಾಗ ಅಲೆಅಲೆಯಾಗಿ ಉಬ್ಬಿದರೆ ಅದು ಲೋಕಲ್ ಬಕ್ಲಿಂಗ್. ಅದು ಶುರುವಾಗುವ ಒತ್ತಡ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತದೆ, 2 ಮಿ.ಮೀ. ಜಾಗದಲ್ಲಿ 1.5 ಹಾಕಿದರೆ ಸುಮಾರು ಶೇ. 56ಕ್ಕೆ ಇಳಿಯಿತು. ಇಡೀ ಕಂಬ ಬಾಗಿ ತಿರುಚಿಕೊಳ್ಳುವುದು ಇನ್ನೊಂದು ಬಗೆ. ಇವೆರಡರ ನಡುವೆ ಡಿಸ್ಟಾರ್ಷನಲ್ ಬಕ್ಲಿಂಗ್ ಅಂತ ಇದೆ. ಇದರಲ್ಲಿ ಫ್ಲ್ಯಾಂಜ್, ಅಂದರೆ ಕಂಬದ ಪಕ್ಕದ ಗೋಡೆ, ತನ್ನ ಅಂಚಿನ ಮಡಿಕೆ ಸಮೇತ ಮೂಲೆಯಲ್ಲಿ ತಿರುಗಿ, ಕಂಬದ ಬಾಯಿ ತೆರೆದುಕೊಳ್ಳುತ್ತದೆ ಇಲ್ಲವೇ ಮುಚ್ಚಿಕೊಳ್ಳುತ್ತದೆ.

ನನ್ನ ಪ್ರಕಾರ ನಿಮ್ಮ ಲೆಕ್ಕ ಎಡವುವುದು ಇಲ್ಲೇ. ಫ್ಲ್ಯಾಂಜ್ ತಿರುಗದ ಹಾಗೆ ಹಿಡಿದಿಟ್ಟಿರುವುದು ವೆಬ್‌ನ (ಎರಡು ಫ್ಲ್ಯಾಂಜ್‌ಗಳನ್ನು ಸೇರಿಸುವ ಮುಖದ) ಅಡ್ಡ ದಿಕ್ಕಿನ ಬಿಗಿತ, ತೂತು ಅದನ್ನೇ ತಿನ್ನುತ್ತದೆ. ಒಂದು ತೂತಿಂದ ಇನ್ನೊಂದಕ್ಕೆ ಇರುವ ಅಂತರದಲ್ಲಿ ಅರ್ಧದಷ್ಟು ಉದ್ದ ತೂತೇ ಇದ್ದರೆ ಆ ಬಿಗಿತ ಸುಮಾರು ಅರ್ಧವಾಯಿತು ಅಂತ ಹಿಡಿಯಬಹುದು. ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಇರುವುದರಿಂದ, ಫೈನೈಟ್ ಸ್ಟ್ರಿಪ್ (ಕಂಬವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ ಬಕ್ಲಿಂಗ್ ಲೆಕ್ಕ ಹಾಕುವ) ಸಾಫ್ಟ್‌ವೇರ್‌ನಲ್ಲಿ ವೆಬ್ ದಪ್ಪವನ್ನು 0.79 ಪಟ್ಟು (ಇದರ ಘನ ಸುಮಾರು ಅರ್ಧ) ಮಾಡಿ ಕೊಡುತ್ತೇವೆ. ನೋಡಿ, ಇಲ್ಲಿ ಆಟ ಇರುವುದು ತೂತಿನ ಉದ್ದದ್ದು. ವಿಸ್ತೀರ್ಣ ಕಳೆಯುವಾಗ ನೀವು ಅಗಲವನ್ನಷ್ಟೇ ಕಳೆಯುತ್ತೀರಿ, ಉದ್ದ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಅದಕ್ಕೇ ಪರೀಕ್ಷೆ ಬೇಕು. ಯುರೋಪಿನ ಇಎನ್ 15512 ಮಾನದಂಡದಲ್ಲಿ ಸ್ಟಬ್ ಕಾಲಂ ಪರೀಕ್ಷೆ ಇದೆ, ಅಂದರೆ ಕಂಬದ ಮೋಟು ತುಂಡನ್ನು ಮಷೀನಿನಲ್ಲಿ ಸೋಲುವವರೆಗೆ ಒತ್ತುವುದು. ಆದರೆ ಅಷ್ಟು ಮೋಟು ತುಂಡಿನಲ್ಲಿ ಫ್ಲ್ಯಾಂಜ್ ತಿರುಗಲು ಜಾಗವೇ ಇರುವುದಿಲ್ಲ, ಎರಡು ತುದಿಯ ಪ್ಲೇಟುಗಳೇ ಅದನ್ನು ಹಿಡಿದುಕೊಂಡಿರುತ್ತವೆ. ನಾನು ನೋಡಿದ ದಿನ ಮೋಟು ತುಂಡು ಚೆನ್ನಾಗಿಯೇ ತಡೆಯಿತು, ಅದೇ ಕಂಬದ ಒಂದು ಬ್ರೇಸಿಂಗ್ ಪ್ಯಾನೆಲ್‌ನಷ್ಟು (ಓರೆ ಪಟ್ಟಿಗಳು ಕಂಬಕ್ಕೆ ಸೇರುವ ಎರಡು ಜಾಗಗಳ ನಡುವಿನಷ್ಟು) ಉದ್ದದ ತುಂಡು ಮಾತ್ರ ನಡುವೆ ಬಾಯಿ ಬಿಟ್ಟು ಎಷ್ಟೋ ಬೇಗ ಸೋತಿತು. ಈ ಎರಡನೆಯ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಬಂದ ಅಂಕಿಯನ್ನೂ ಹಾಗೇ ಬಳಸಬೇಡಿ. ತಗಡಿನ ನಿಜವಾದ ಯೀಲ್ಡ್ ಬಲ (ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಆಕಾರ ಬಿಡತೊಡಗುವ ಒತ್ತಡ) ಎಷ್ಟೋ ಸಲ ಕಾಗದದಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇರುತ್ತದೆ, ಅದನ್ನೂ ದಪ್ಪವನ್ನೂ ಅಳೆದು ಫಲಿತಾಂಶವನ್ನು ತಿದ್ದಬೇಕು.

ಇನ್ನೊಂದು ಮಾತು. ಓಡಾಡುವ ದಾರಿಯ ಉದ್ದಕ್ಕೆ ಬಹಳಷ್ಟು ರ್ಯಾಕ್‌ಗಳಲ್ಲಿ ಬ್ರೇಸಿಂಗ್ ಇರುವುದಿಲ್ಲ. ಆ ದಿಕ್ಕಿನಲ್ಲಿ ಕಂಬ ವಾಲದಂತೆ ಕಾಯುವುದು ಬುಡದ ಪ್ಲೇಟು ಮತ್ತು ತೂತಿಗೆ ಸಿಕ್ಕಿಕೊಂಡ ಬೀಮಿನ ಕೊಕ್ಕೆ. ಆ ಕೊಕ್ಕೆಯ ಬಿಗಿತವನ್ನೂ ಪರೀಕ್ಷೆಯಿಂದಲೇ ತಗೊಳ್ಳಿ, ಕಂಬದ ತಗಡು ತೆಳುವಾದರೆ ಅದೂ ಇಳಿಯುತ್ತದೆ.

ನಿಮ್ಮ ಕಂಬದ ದಪ್ಪ, ತೂತಿನ ಉದ್ದ, ಅವುಗಳ ಅಂತರ ಇಲ್ಲೇ ಕೆಳಗೆ ಬರೆಯಿರಿ, ವೆಬ್ ದಪ್ಪ ಎಷ್ಟು ಇಳಿಸಬೇಕು ಅಂತ ಒಟ್ಟಿಗೆ ನೋಡೋಣ.