ಗಾಳಿಯಿಂದ ಪೆಟ್ರೋಲ್ ಬರುವ ತನಕ ಕಾಯಲಾ?

ಪ್ರಶ್ನೆ: ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹಿಡಿದು ಪೆಟ್ರೋಲ್ ಮಾಡುತ್ತಾರಂತೆ, ಅದು ಕಾರ್ಬನ್ ನ್ಯೂಟ್ರಲ್ ಅಂತೆ. ಸುಟ್ಟರೆ ಹೊಗೆ ಬಂದೇ ಬರುತ್ತಲ್ಲ ಸರ್, ಮತ್ತೆ ಹೇಗೆ? ಅದು ಬರುವ ತನಕ ಪೆಟ್ರೋಲ್ ಕಾರನ್ನೇ ಇಟ್ಟುಕೊಳ್ಳಲಾ, ಎಲೆಕ್ಟ್ರಿಕ್ ತಗೊಳ್ಳಲಾ?

ಉತ್ತರ: ಕಾಯಬೇಡಿ. ಕಾರಣ ಹೇಳುತ್ತೇನೆ.

ಹೊಗೆ ಬರುವುದು ನಿಜ. ಯಾವ ಪೆಟ್ರೋಲ್ ಆದರೂ ಲೀಟರಿಗೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕಚ್ಚಾತೈಲದ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು, ಸುಟ್ಟರೆ ಗಾಳಿಗೆ ಹೊಸದಾಗಿ ಸೇರುತ್ತದೆ. ಗಾಳಿಯಿಂದಲೇ ತೆಗೆದದ್ದು ಮತ್ತೆ ಗಾಳಿಗೆ ಹೋದರೆ ಲೆಕ್ಕ ಸಮ, ಅಷ್ಟೇ. ಆದರೆ ಅದನ್ನು ಮಾಡುವ ಕರೆಂಟು ಬಿಸಿಲಿಂದಲೋ ಗಾಳಿಯಂತ್ರದಿಂದಲೋ ಬಂದಿರಬೇಕು. ಕಲ್ಲಿದ್ದಲಿನ ಕರೆಂಟು ಬಳಸಿದರೆ ಮಾಮೂಲಿ ಪೆಟ್ರೋಲಿಗಿಂತ ಜಾಸ್ತಿ ಹಾನಿ.

ಕಷ್ಟ ಇರುವುದು ಈ ಕರೆಂಟಿನಲ್ಲೇ. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ನಾಲ್ಕೇ ನಾಲ್ಕು ಕಾರ್ಬನ್ ಡೈಆಕ್ಸೈಡ್. ದೊಡ್ಡ ದೊಡ್ಡ ಫ್ಯಾನ್ ಹಾಕಿ ಗಾಳಿ ಎಳೆದು, ರಾಸಾಯನಿಕದಲ್ಲಿ ಅದನ್ನು ಹಿಡಿದು, ಮತ್ತೆ ಬಿಸಿ ಮಾಡಿ ಬಿಡಿಸಬೇಕು. ಇನ್ನೊಂದು ಕಡೆ ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್ ತೆಗೆಯಬೇಕು, ಹೆಚ್ಚು ಕರೆಂಟು ಹೋಗುವುದು ಇಲ್ಲೇ. ಎರಡನ್ನೂ ಸೇರಿಸಿದರೆ ಮೆಥನಾಲ್ ಅನ್ನುವ ಒಂದು ಬಗೆಯ ಆಲ್ಕೋಹಾಲ್, ಅದರಿಂದ ಪೆಟ್ರೋಲ್. ಲೀಟರ್ ಪೆಟ್ರೋಲಿನಲ್ಲಿ ಇರುವ ಶಕ್ತಿ ಸುಮಾರು 9 ಯೂನಿಟ್, ಹೀಗೆ ಮಾಡಲು ಬೇಕಾಗುವುದು ಹೆಚ್ಚುಕಡಿಮೆ 20 ಯೂನಿಟ್. ಆ ಒಂದು ಲೀಟರಿನಲ್ಲಿ ನಿಮ್ಮ ಕಾರು 15-18 ಕಿ.ಮೀ. ಓಡಬಹುದು. ಅದೇ 20 ಯೂನಿಟ್ಟನ್ನು ನೇರ ಬ್ಯಾಟರಿಗೆ ತುಂಬಿದರೆ ಎಲೆಕ್ಟ್ರಿಕ್ ಕಾರು 120 ಕಿ.ಮೀ. ಹೋಗುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ಶುದ್ಧ ಕರೆಂಟನ್ನು ಕಾರಿನ ಪೆಟ್ರೋಲಿಗೆ ಸುರಿಯುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಚಿಲಿಯ ದಕ್ಷಿಣ ತುದಿಯ ಪುಂಟಾ ಅರೆನಾಸ್ ಹತ್ತಿರ ಇಂಥ ಪೆಟ್ರೋಲ್ ಮಾಡುವ ಹಾರು ಓನಿ ಅನ್ನುವ ಪ್ರಾಯೋಗಿಕ ಘಟಕ 2022ರ ಡಿಸೆಂಬರಿನಲ್ಲಿ ಶುರುವಾಯಿತು, ಪೋರ್ಷೆ ಕಾರು ಕಂಪನಿ ಅದರ ಪಾಲುದಾರ. ಅಲ್ಲಿ ವರ್ಷವಿಡೀ ಜೋರು ಗಾಳಿ, ಹಾಗಾಗಿ ಗಾಳಿಯಂತ್ರದ ಕರೆಂಟಿಗೆ ಜಾಗದ ಆಯ್ಕೆ ಸರಿಯಾಗಿದೆ. ಆದರೂ ಶುರುವಿನಲ್ಲಿ ಬಳಸಿದ್ದು ಜೈವಿಕ ಮೂಲದ ಕಾರ್ಬನ್ ಡೈಆಕ್ಸೈಡ್, ಗಾಳಿಯಿಂದ ಹಿಡಿದದ್ದಲ್ಲ. ಸಾಮರ್ಥ್ಯ ವರ್ಷಕ್ಕೆ ಸುಮಾರು 1.3 ಲಕ್ಷ ಲೀಟರ್. ಒಂದು ಬೋಯಿಂಗ್ 777-300ಇಆರ್ ವಿಮಾನದ ಟ್ಯಾಂಕಿಗೇ 1.8 ಲಕ್ಷ ಲೀಟರ್ ಹಿಡಿಯುತ್ತದೆ, ಅಂದರೆ ವರ್ಷದ ಉತ್ಪಾದನೆ ಒಂದು ಸಲ ತುಂಬಿಸಲೂ ಸಾಲದು!

ವಿಮಾನದ ಮಾತು ಬಂತಲ್ಲ, ಈ ಇಂಧನ ನಿಜವಾಗಿ ಬೇಕಾಗಿರುವುದು ಅಲ್ಲೇ. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವ ವಿಮಾನವನ್ನು ಬ್ಯಾಟರಿ ಹೊತ್ತು ಹಾರಿಸಲು ಈಗ ಸಾಧ್ಯವಿಲ್ಲ, ಭಾರ ಅಷ್ಟಾಗುತ್ತದೆ. ಯುರೋಪಿಯನ್ ಒಕ್ಕೂಟ 2030ರಿಂದ ತನ್ನ ವಿಮಾನ ನಿಲ್ದಾಣಗಳ ಇಂಧನದಲ್ಲಿ ಸರಾಸರಿ ಶೇ 1.2ರಷ್ಟು ಇಂಥ ಕೃತಕ ಇಂಧನ ಇರಲೇಬೇಕು ಅಂತ ಕಾನೂನು ಮಾಡಿದೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕಾರ್ಬನ್ ಡೈಆಕ್ಸೈಡನ್ನು ಮೆಥನಾಲ್ ಮಾಡುವ ವೇಗವರ್ಧಕಗಳ (ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತುಗಳ) ಮೇಲೆ ಒಳ್ಳೆಯ ಕೆಲಸ ನಡೆದಿದೆ.

ಇನ್ನು ನಿಮ್ಮ ಕಾರು. ವಾರಕ್ಕೊಮ್ಮೆ ತೆಗೆಯುವುದಾದರೆ ಇರುವುದನ್ನೇ ಚೆನ್ನಾಗಿ ನೋಡಿಕೊಂಡು ಓಡಿಸಿ, ಸುಮ್ನೆ ಹೊಸದು ಕೊಳ್ಳಬೇಡಿ. ದಿನಾ 40-50 ಕಿ.ಮೀ. ಓಡಾಟ ಇದ್ದು ಮನೆಯಲ್ಲೇ ಚಾರ್ಜ್ ಮಾಡಲು ಜಾಗ ಇದ್ದರೆ ಎಲೆಕ್ಟ್ರಿಕ್ ನೋಡಿ.